ಅಣ್ಣನ ಮೆಮೊರಿ ಕಾರ್ಡು, ನನ್ನ ಲಾಂಗ್ ಬುಕ್ಕು

1/9

ಈ ಫೋಟೋ ಒಂಚೂರು ಝೂಮ್ ಮಾಡಿ ನೋಡಿ. ಲಾಂಗ್ ಬುಕ್ಕಿನ ಒಂದು ಪುಟ. ಸಾಲುಗಳನ್ನ ಬೇಕಂತಲೇ ಮಸುಕು ಮಾಡಿದೀನಿ, ತಪ್ಪು ನೋಡಿ ನಗ್ತೀರ ಅಂತ. ಅಕ್ಷರ ಕನ್ನಡ, ಆದ್ರೆ ಭಾಷೆ ಕನ್ನಡ ಅಲ್ಲ. ಇಂಗ್ಲಿಷ್ ರಾಕ್ ಹಾಡುಗಳನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರ್ಕೊಂಡಿರೋದು. ಎಡಗಡೆ ನೀಲಿ ಇಂಕಿನಲ್ಲಿ ಸದ್ದು, ಬಲಗಡೆ ಕೆಂಪು ಇಂಕಿನಲ್ಲಿ ಅರ್ಥ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅರ್ಧಕ್ಕರ್ಧ ಪದ ಕೇಳಿಸ್ತಿರಲಿಲ್ಲ. ಕೇಳಿಸಿದ್ದಕ್ಕೆ ಡಿಕ್ಷನರಿ, ಕೇಳಿಸದೇ ಇದ್ದಿದ್ದಕ್ಕೆ ಊಹೆ. ಆ ಊಹೆಗೆ ನಾನು ಕೊಟ್ಟಿದ್ದ ಹೆಸರು 'ಗೂಢಾರ್ಥ'. ಪುಟದ ಮೇಲೆ ಅಂಡರ್‌ಲೈನ್ ಮಾಡಿ ಬರೆದಿದೀನಿ ನೋಡಿ.

ನಮ್ಮೂರು ಕುಡುಮಲಕುಂಟೆ. ಗೌರಿಬಿದನೂರು ತಾಲ್ಲೂಕು. ಇಂಡಸ್ಟ್ರಿಯಲ್ ಏರಿಯಾ ಇರೋದ್ರಿಂದ ಹೆಸರು ಕೇಳಿರಬಹುದು. ಈ ಹೆಸರೇ ಒಂದು ಒಗಟು. ತೆಲುಗಿನಲ್ಲಿ ಕುಡುಮುಲು ಅಂದ್ರೆ ಹಬೆಯಲ್ಲಿ ಬೇಯಿಸಿದ ಕಡುಬು. ಕುಂಟೆ ಅಂದ್ರೆ ಪುಟ್ಟ ಕೆರೆ. ಕಡುಬಿಗೂ ಕೆರೆಗೂ ಏನು ಸಂಬಂಧ? ಅಜ್ಜಿ ಒಂದು ಕತೆ ಹೇಳೋಳು, ಪಕ್ಕದ ಮನೆ ತಾತ ಇನ್ನೊಂದು ಹೇಳೋನು. ಎರಡು ಭಾಷೆ ಮಧ್ಯೆ ಬೆಳೆದವರಿಗೆ ಇದು ಅಭ್ಯಾಸ ಆಗಿಬಿಡುತ್ತೆ. ಯಾವ ಪದ ಕೇಳಿದ್ರೂ ಒಳಗಡೆ ಇನ್ನೊಂದು ಪದ ಅಡಗಿದೆಯಾ ಅಂತ ಕೆದಕೋದು.

ಈ ಒಂಬತ್ತು ಪೋಸ್ಟುಗಳಲ್ಲಿ ಆ ಕೆದಕೋ ಚಟದ ಬಗ್ಗೆ ಹೇಳ್ತೀನಿ. ಹಾಡಿನ ಒಳಗುಟ್ಟು ಹುಡುಕೋದು ನಿಮಗೂ ಇಷ್ಟ ಅಂತ ಗೊತ್ತು, ಹೋದ ತಿಂಗಳ ಪೋಸ್ಟಿಗೆ ಬಂದ ಮೆಸೇಜುಗಳೇ ಸಾಕ್ಷಿ. ಒಂದು ಹಾಡಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೆ. ಅದನ್ನೂ ಹೇಳ್ತೀನಿ. ಆದ್ರೆ ಅದಕ್ಕಿಂತ ಮೊದಲು ಆ ಹಾಡು ನಮ್ಮನೆಗೆ ಹೇಗೆ ಬಂತು ಅಂತ ಕೇಳಿ.

2/9

ಫೋಟೋದಲ್ಲಿರೋದು ಎರಡು ಜಿಬಿ ಮೆಮೊರಿ ಕಾರ್ಡು. ಉಗುರಿನಷ್ಟಿದೆ. ಈಗಿನ ಹುಡುಗರು ಇದನ್ನ ನೋಡೇ ಇರಲ್ವೇನೋ.

2011. ಅಣ್ಣ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟು ಕೆಲಸಕ್ಕೆ ಸೇರಿದ್ದ. ವಾರ ಬೆಳಗಿನ ಪಾಳಿ, ವಾರ ರಾತ್ರಿ ಪಾಳಿ. ಅವನ ಜೊತೆ ಒಬ್ಬ ಹುಡುಗ ಇದ್ದ, ಹಾವೇರಿ ಕಡೆಯವನು, ಐಟಿಐ ಮುಗಿಸಿ ಇಲ್ಲಿಗೆ ಬಂದಿದ್ದ. ನಮ್ಮೂರಲ್ಲೇ ರೂಮು. ಹೆಸರು ಹೇಳಲ್ಲ. ಅವನ ಮನೆಯವರು ಇದ್ದಾರೆ.

ಅವನ ಮಾತು ನಮಗೆ ಹೊಸದು. ನಮ್ಮ ಮಾತು ಅವನಿಗೆ ಹೊಸದು. ಅಜ್ಜಿ ಅಂತೂ ಅವನ ಜೊತೆ ತೆಲುಗಿನಲ್ಲೇ ಮಾತಾಡೋಳು, ಅವನು 'ಹೌದ್ ಬೇ ಆಯಿ' ಅಂತ ತಲೆ ಆಡಿಸೋನು. ಏನೂ ಅರ್ಥ ಆಗ್ತಿರಲಿಲ್ಲ ಅವನಿಗೆ. ಆದ್ರೂ ಇಬ್ಬರೂ ಅರ್ಧ ಗಂಟೆ ಮಾತಾಡೋರು. ಅವನು ಬಂದ ದಿನ ಅಜ್ಜಿ ಮುದ್ದೆ ಇನ್ನೊಂದು ಜಾಸ್ತಿ ಕಟ್ಟೋಳು.

ಈ ಕಾರ್ಡು ಅವನದು. ಅದರಲ್ಲಿ ಸಿನಿಮಾ ಹಾಡಿನ ಫೋಲ್ಡರ್ ಒಂದು, 'ರಾಕ್' ಅಂತ ಇನ್ನೊಂದು. ಡಿಪ್ಲೊಮಾ ಓದ್ತಿದ್ದ ಯಾರೋ ಸೀನಿಯರ್ ಕೊಟ್ಟಿದ್ದಂತೆ. ಒಳಗೆ ನಿರ್ವಾಣ, ಆರ್‌ಇಎಂ, ಕ್ರ್ಯಾನ್‌ಬೆರೀಸ್, ಪರ್ಲ್ ಜಾಮ್. ಅವುಗಳ ಮಧ್ಯೆ ರಘು ದೀಕ್ಷಿತ್. 2008ರ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಷರೀಫರ ಪದಗಳಿವೆಯಲ್ಲ, ಆ ಹುಕ್ಕಾ ಸೇದೋ ಪದ, ಆ ಸೋರೋ ಮನೆ ಪದ, ಅವು. ಷರೀಫರ ಊರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ. ಹಾಗಾಗಿ ಇವನಿಗೆ ಅದು ರಾಕ್ ಅಲ್ಲ, ಊರಿನ ಸಾಮಾನು.

ಟೀ ಅಂಗಡಿ ಮುಂದೆ ಬೈಕು ನಿಲ್ಲಿಸ್ಕೊಂಡು ಅಣ್ಣ ಮತ್ತು ಅವನು ಒಂದೇ ಇಯರ್‌ಫೋನನ್ನ ಒಂದೊಂದು ಕಿವಿಗೆ ಹಾಕ್ಕೊಂಡು ಕೂತಿರೋರು. ನಾನು ಹೋದ್ರೆ ಅವನು ತನ್ನ ಕಡೆದು ತೆಗೆದು ಕೊಡೋನು. 'ತಮ್ಮಾ, ಇದ ಕೇಳಿಲ್ಲೆ.'

ನಾನು ಕೇಳಿದೆ. ಆ ರಾತ್ರಿನೇ ಲಾಂಗ್ ಬುಕ್ಕು ತಗೊಂಡೆ.

3/9

ಈಗ ಗೂಢಾರ್ಥಕ್ಕೆ ಬರೋಣ. ನನ್ನ ಬುಕ್ಕಿನ ಮೊದಲನೇ ಪುಟ ನಿರ್ವಾಣದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'. 1991ರ ಹಾಡು. ಬಲಗಡೆ ಕೆಂಪು ಇಂಕಿನಲ್ಲಿ ಹೀಗೆ ಬರೆದಿದೀನಿ: 'ಯುವಶಕ್ತಿಯ ಕ್ರಾಂತಿಯ ಪರಿಮಳ.' ನಗಬೇಡಿ.

ನಿಜ ಏನು ಗೊತ್ತಾ? ಹಾಡು ಬರೆದ ಕರ್ಟ್ ಕೋಬೇನ್ ಮನೆ ಗೋಡೆ ಮೇಲೆ ಅವನ ಗೆಳತಿ, ಬಿಕಿನಿ ಕಿಲ್ ಬ್ಯಾಂಡಿನ ಹಾಡುಗಾರ್ತಿ ಕ್ಯಾಥ್ಲೀನ್ ಹ್ಯಾನ, ತಮಾಷೆಗೆ ಒಂದು ಸಾಲು ಗೀಚಿದ್ದಳು, ಕರ್ಟ್ ಮೈಯಿಂದ ಟೀನ್ ಸ್ಪಿರಿಟ್ ವಾಸನೆ ಬರ್ತಿದೆ ಅಂತ. ಟೀನ್ ಸ್ಪಿರಿಟ್ ಅನ್ನೋದು ಹುಡುಗೀರು ಹಾಕ್ಕೊಳ್ಳೋ ಒಂದು ಡಿಯೋಡರೆಂಟು! ಅವನಿಗೆ ಅದು ಗೊತ್ತಿರಲಿಲ್ಲ. ನನ್ನ ಹಾಗೇ ಅವನೂ ಅದು ಏನೋ ಕ್ರಾಂತಿಯ ಘೋಷಣೆ ಅಂದ್ಕೊಂಡ. ಹಾಡು ಬಿಡುಗಡೆಯಾಗಿ ತಿಂಗಳುಗಳಾದ ಮೇಲೆ ಅವನಿಗೆ ಗೊತ್ತಾಯ್ತು. ಅಂದ್ರೆ ಬರೆದವನೇ ತಪ್ಪು ಅರ್ಥ ಮಾಡ್ಕೊಂಡಿದ್ದ, ಆ ತಪ್ಪಿನಿಂದಲೇ ಹಾಡು ಹುಟ್ತು.

ಎರಡನೇ ಪುಟ ಆರ್‌ಇಎಂ ಬ್ಯಾಂಡಿನ 'ಲೂಸಿಂಗ್ ಮೈ ರಿಲಿಜನ್'. ಅದೂ 1991. ನನ್ನ ಕೆಂಪು ಇಂಕು: 'ನಾಸ್ತಿಕನಾದವನ ಅಳಲು.' ಡಿಕ್ಷನರಿ ಹಿಡ್ಕೊಂಡು ಕೂತ್ರೆ ಇನ್ನೇನು ಬರುತ್ತೆ? ಆದ್ರೆ ಅದು ಅಮೆರಿಕದ ದಕ್ಷಿಣ ರಾಜ್ಯಗಳ ಒಂದು ನುಡಿಗಟ್ಟು. ತಾಳ್ಮೆ ಕಳ್ಕೊಳ್ಳೋ ಹಂತಕ್ಕೆ ಬಂದೆ ಅಂತ. ಆ ಬ್ಯಾಂಡು ಅಲ್ಲಿನ ಜಾರ್ಜಿಯಾ ರಾಜ್ಯದ್ದು. ಹಾಡು ದೇವರ ಬಗ್ಗೆ ಅಲ್ಲ, ಒಂದು ಕಡೆಯ ಪ್ರೀತಿ ಬಗ್ಗೆ ಅಂತ ಬರೆದ ಮೈಕಲ್ ಸ್ಟೈಪೇ ಹೇಳಿದ್ದಾರೆ. ಅಂದಹಾಗೆ ಅದರ ವಿಡಿಯೋ ಮಾಡಿದ್ದು ನಮ್ಮ ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್.

ನಮ್ಮ ಭಾಷೇಲಿ ನೋಡಿ. 'ಅವನು ಕೈ ಕೊಟ್ಟ' ಅಂತೀವಿ. ಹೊರಗಿನವನು ಡಿಕ್ಷನರಿ ನೋಡಿದ್ರೆ ಪಾಪ ಸಹಾಯ ಮಾಡಿದಾನೆ ಅಂದ್ಕೊಳ್ತಾನೆ!

ಹಾಗಾಗಿ ನನ್ನ ಮೊದಲ ಪಾಠ. ಗೂಢಾರ್ಥ ಅಂತ ನಾವು ಹುಡುಕೋದು ಎಷ್ಟೋ ಸಲ ಗೂಢವೇ ಅಲ್ಲ. ಆ ಊರಿನವರಿಗೆ ಅದು ಬೀದಿ ಮಾತು.

4/9

ಇದಕ್ಕೆ ಉಲ್ಟಾ ಕೇಸೂ ಇದೆ. ಅರ್ಥ ಎದುರಿಗೇ ಇರುತ್ತೆ, ನಾವು ನೋಡಲ್ಲ.

ಕ್ರ್ಯಾನ್‌ಬೆರೀಸ್ ಅವರ 'ಝಾಂಬಿ', 1994. ನಮ್ಮ ಕಾಲೇಜ್ ಡೇ ದಿನ ಅದನ್ನ ಸ್ಪೀಕರಿಗೆ ಹಾಕಿ ಕುಣಿದಿದ್ದೀವಿ. ಕೋರಸ್ ಬಂದಾಗ ಎಲ್ಲರೂ ಕೈ ಮುಂದೆ ಚಾಚಿ ದೆವ್ವದ ಥರ ನಡೆಯೋದು. ಬುಕ್ಕಿನಲ್ಲಿ ನನ್ನ ಟಿಪ್ಪಣಿ: 'ಹಾರರ್ ಸಾಂಗ್.' ಅಷ್ಟೇ. ಪಕ್ಕದಲ್ಲಿ ಒಂದು ತಲೆಬುರುಡೆ ಚಿತ್ರ ಬೇರೆ ಬಿಡಿಸಿದೀನಿ.

1993ರ ಮಾರ್ಚ್ 20. ಇಂಗ್ಲೆಂಡಿನ ವಾರಿಂಗ್ಟನ್ ಅನ್ನೋ ಊರಿನ ಅಂಗಡಿ ಬೀದಿ. ಕಸದ ಡಬ್ಬಿಗಳಲ್ಲಿ ಐರ್ಲೆಂಡಿನ ಉಗ್ರಗಾಮಿ ಸಂಘಟನೆ ಐಆರ್‌ಎ ಬಾಂಬು ಇಟ್ಟಿತ್ತು. ಇಬ್ಬರು ಹುಡುಗರು ಸತ್ರು. ಒಬ್ಬನಿಗೆ ಮೂರು ವರ್ಷ, ಇನ್ನೊಬ್ಬನಿಗೆ ಹನ್ನೆರಡು. ಡೊಲೊರೆಸ್ ಓ'ರಿಯೊರ್ಡನ್ ಆ ಹಾಡು ಬರೆದದ್ದು ಅದಕ್ಕೆ. ಆಕೆ ಐರ್ಲೆಂಡಿನವಳೇ. ತನ್ನ ದೇಶದ ಹೆಸರಿನಲ್ಲಿ ಮಕ್ಕಳನ್ನ ಕೊಂದವರ ಮೇಲೆ ಆಕೆಗೆ ಬಂದ ಸಿಟ್ಟು ಅದು. ಆ ಕಿರುಚಾಟದಂಥ ದನಿ ದೆವ್ವದ್ದಲ್ಲ, ಸಂಕಟದ್ದು.

ಇದು ಗೊತ್ತಾದ ದಿನ ನನಗೆ ಆ ಕಾಲೇಜ್ ಡೇ ನೆನಪಾಗಿ ಒಂಥರಾ ಆಯ್ತು. ನಾಚಿಕೆ ಅಂತ ಹೇಳಬಹುದು. ನಮ್ಮ ಪಕ್ಕದಲ್ಲೇ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಆ ಸ್ಮಾರಕದ ಮುಂದೆ ಯಾರಾದ್ರೂ ಬಂದು ರೀಲ್ಸ್ ಮಾಡಿ ಕುಣಿದ್ರೆ ನಮಗೆ ಹೇಗನ್ನಿಸುತ್ತೆ?

ಹಾಗಂತ ಇನ್ಮೇಲೆ ಆ ಹಾಡಿಗೆ ಯಾರೂ ಕುಣೀಬಾರದು ಅಂತ ನಾನು ಹೇಳ್ತಿಲ್ಲ. ತಾಳ ಇದೆ, ಮೈ ಕುಣಿಯುತ್ತೆ. ಆದ್ರೆ ಎರಡನೇ ಪಾಠ ಇದು. ಕೆಲವು ಹಾಡಿಗೆ ಬೀಗದ ಕೈ ಡಿಕ್ಷನರಿಯಲ್ಲಿ ಸಿಗಲ್ಲ. ಆ ವರ್ಷದ ಪೇಪರಿನಲ್ಲಿ ಸಿಗುತ್ತೆ. ಹಾಡು ಯಾವ ಇಸವಿಯದು, ಆಗ ಅಲ್ಲಿ ಏನಾಗಿತ್ತು ಅಂತ ನೋಡಿದ್ರೆ ಅರ್ಧ ಕೆಲಸ ಮುಗೀತು.

5/9

ಫೋಟೋ: ನಮ್ಮೂರ ಭಜನೆ ಮನೆ. ಹಾರ್ಮೋನಿಯಂ ಮೇಲಿನ ಧೂಳು ಹಾಗೇ ಇರಲಿ ಅಂತ ಒರೆಸದೇ ತೆಗೆದೆ.

ಇಷ್ಟೆಲ್ಲ ಅಮೆರಿಕ, ಇಂಗ್ಲೆಂಡ್ ಅಂತ ಹೇಳ್ತಿದೀನಲ್ಲ, ಹಾಡಿನೊಳಗೆ ಅರ್ಥ ಅಡಗಿಸಿಡೋದರಲ್ಲಿ ನಮ್ಮವರು ಯಾವತ್ತೋ ಪಳಗಿದವರು. ಹನ್ನೆರಡನೇ ಶತಮಾನದಲ್ಲೇ ಅಲ್ಲಮಪ್ರಭು ಬೆಡಗಿನ ವಚನ ಹೇಳಿದ್ರು. ಮೇಲೆ ನೋಡಿದ್ರೆ ತಲೆಬುಡ ಇಲ್ಲ, ಒಳಗೆ ಇಡೀ ತತ್ವ. ಕನಕದಾಸರ ಮುಂಡಿಗೆಗಳೂ ಅಷ್ಟೇ, ಬಿಡಿಸಿ ನೋಡೋಣ ಅಂತ ಸವಾಲು ಹಾಕೋ ಪದಗಳು. ಷರೀಫರ ಹುಕ್ಕಾ ಪದದಲ್ಲಿ ಸೊಪ್ಪಿನ ಚೀಲ ಅಂದ್ರೆ ಮನಸ್ಸು, ಅದರೊಳಗಿನ ಸೊಪ್ಪು ಮೋಹ. ಸುಡಬೇಕಾಗಿರೋದು ಅದು. ಸೇದೋ ಚಟ ಇರೋರು ಅದನ್ನ ಬೇರೆ ಥರ ಹಾಡ್ಕೊಂಡು ಖುಷಿ ಪಡ್ತಾರೆ, ಅದು ಬೇರೆ ಮಾತು!

ನಮ್ಮ ಕಡೆಗೆ ಬಂದ್ರೆ ಕೈವಾರ ತಾತಯ್ಯ. ಚಿಂತಾಮಣಿ ತಾಲ್ಲೂಕು ಕೈವಾರದ ಯೋಗಿ ನಾರೇಯಣ ಯತೀಂದ್ರರು. ಬಳೆ ಮಾರ್ತಿದ್ದವರು ಅಂತ ಹೇಳ್ತಾರೆ. ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಬರೆದ್ರು, ಕಾಲಜ್ಞಾನ ಬರೆದ್ರು. ನಮ್ಮ ಭಜನೆ ಮನೇಲಿ ಶನಿವಾರ ರಾತ್ರಿ ಅವರ ಕೀರ್ತನೆ ಇಲ್ಲದೆ ಮಂಗಳಾರತಿ ಇಲ್ಲ.

ಕಾಲಜ್ಞಾನ ಅಂದಾಗ ನೆನಪಾಯ್ತು. 2020ರಲ್ಲಿ ಕೊರೊನಾ ಬಂತಲ್ಲ, ಕಾಲಜ್ಞಾನದಲ್ಲಿ ಇದು ಮೊದಲೇ ಬರೆದಿದೆ ಅಂತ ವಾಟ್ಸಾಪ್ ತುಂಬ ಮೆಸೇಜು ಬಂತು. ಭಜನೆ ಮನೆ ಹಿರಿಯರೊಬ್ಬರಿಗೆ ತೋರಿಸ್ದೆ. ಅವರು ಕನ್ನಡಕ ಹಾಕ್ಕೊಂಡು ಓದಿ ಫೋನ್ ವಾಪಸ್ ಕೊಟ್ಟು ಹೇಳಿದ್ರು: 'ಆಗಿದ್ದಾದ ಮೇಲೆ ಅರ್ಥ ಹಚ್ಚೋದು ಸುಲಭ ಕಣಪ್ಪ. ತಾತಯ್ಯನ ಪದ ಅರ್ಥ ಆಗಬೇಕಂದ್ರೆ ಯಾರು ಹಾಡ್ತಾವ್ರೆ, ಇವತ್ಯಾಕೆ ಹಾಡ್ತಾವ್ರೆ ಅಂತ ನೋಡು. ಹೆಂಡ್ತಿ ಕಳ್ಕೊಂಡೋನು ಹಾಡಿದ್ರೆ ಒಂದು, ಮದುವೆ ಮನೇಲಿ ಹಾಡಿದ್ರೆ ಇನ್ನೊಂದು.'

ಆ ಮಾತು ನನಗೆ ಏಳು ವರ್ಷ ಮುಂಚೆ ಸಿಗಬೇಕಿತ್ತು.

6/9

ಈ ಪೋಸ್ಟಿಗೆ ಫೋಟೋ ಇಲ್ಲ. ಕಪ್ಪು ಚೌಕ ಹಾಕಿದೀನಿ.

2013. ನಾನು ಡಿಗ್ರಿ ಕೊನೇ ವರ್ಷ. ಒಂದು ರಾತ್ರಿ ಅಣ್ಣ ಮತ್ತು ಅವನ ಗೆಳೆಯ ಹಿಂದೂಪುರದಿಂದ ಬೈಕಿನಲ್ಲಿ ಬರ್ತಿದ್ರು. ಗೆಳೆಯ ಓಡಿಸ್ತಿದ್ದ, ಅಣ್ಣ ಹಿಂದೆ. ರಸ್ತೆ ಪಕ್ಕ ಲೈಟ್ ಹಾಕದೆ ಒಂದು ಲಾರಿ ನಿಂತಿತ್ತು.

ಅಣ್ಣನಿಗೆ ಹೆಗಲ ಮೂಳೆ ಮುರೀತು. ಅವನ ಗೆಳೆಯ ಆಸ್ಪತ್ರೆ ತಲುಪಲಿಲ್ಲ.

ಮೂರು ತಿಂಗಳು ಅಣ್ಣ ಮನೇಲಿದ್ದ. ನೋಡೋಕೆ ಬಂದವರೆಲ್ಲ ಒಂದೇ ಮಾತು: 'ನಿನ್ ಪುಣ್ಯ ಗಟ್ಟಿ ಕಣೋ.' ಅಮ್ಮ ವಿದುರಾಶ್ವತ್ಥಕ್ಕೆ ಹೋಗಿ ಹರಕೆ ತೀರಿಸಿ ಬಂದಳು. ಅಣ್ಣ ಯಾರ ಜೊತೆಗೂ ಜಾಸ್ತಿ ಮಾತಾಡ್ತಿರಲಿಲ್ಲ. ಬೆಳಗ್ಗೆ ಏಳು ಗಂಟೆಗೆ, ರಾತ್ರಿ ಪಾಳಿ ಮುಗಿಸಿ ಬರ್ತಿದ್ದ ಹೊತ್ತಿಗೆ ಸರಿಯಾಗಿ, ಫೋನಿನ ಸ್ಪೀಕರಿನಲ್ಲಿ ಒಂದು ಹಾಡು ಹಾಕೋನು. ಪರ್ಲ್ ಜಾಮ್ ಅವರ 'ಅಲೈವ್'. ಐದೂವರೆ ನಿಮಿಷ. ಮುಗಿದ ಮೇಲೆ ಆರಿಸಿ ಮಲಗೋನು. ದಿನಾ ಅದೇ. ಅಜ್ಜಿ ಒಳಗಿಂದ 'ಏಮ್ ಪಾಟರಾ ಇದಿ' ಅಂತ ಗೊಣಗೋಳು, ಇದ್ಯಾವ ಹಾಡೋ ಅಂತ.

ಅಲೈವ್ ಅಂದ್ರೆ ಜೀವಂತ. ಇದಕ್ಕೆ ಡಿಕ್ಷನರಿನೂ ಬೇಡ. ಲಾಂಗ್ ಬುಕ್ಕು ತೆಗೆದು ಕೆಂಪು ಇಂಕಿನಲ್ಲಿ ಬರೆದೆ: 'ಸಾವನ್ನು ಗೆದ್ದವನ ಜಯಘೋಷ.' ಬರೆದು ಸುಮ್ನಿದ್ದಿದ್ರೆ ಸರಿಹೋಗ್ತಿತ್ತು. ನೋಡೋಕೆ ಬಂದ ಮಾವನ ಮುಂದೆ, ಅಕ್ಕಪಕ್ಕದವರ ಮುಂದೆ, ಅಣ್ಣನ ಎದುರಿಗೇ ಆ ಪುಟ ಓದಿ ಹೇಳಿದೆ. ಸಾವು ಗೆದ್ದು ಬಂದವನ ಹಾಡಂತೆ ಅದು, ಅದಕ್ಕೇ ದಿನಾ ಹಾಕ್ತಾನೆ ಅಂತ. ಎಲ್ಲರೂ 'ಪರವಾಗಿಲ್ವೇ, ಇಂಗ್ಲಿಷ್ ಹಾಡಿಗೆಲ್ಲ ಅರ್ಥ ಹೇಳ್ತಾನೆ' ಅಂದ್ರು. ನನಗೆ ಹೆಮ್ಮೆ. 'ನೋಡಣ್ಣ, ನಿನಗೇ ಬರೆದಂಗಿದೆ' ಅಂದೆ.

ಅಣ್ಣ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಹಾಡು ಕೇಳಿಸಲಿಲ್ಲ. ಆಮೇಲೆ ಯಾವತ್ತೂ ಕೇಳಿಸಲಿಲ್ಲ. ಹಳೇದಾಯ್ತೇನೋ ಬಿಡು ಅಂದ್ಕೊಂಡೆ.

7/9

ಆರು ವರ್ಷ ಆದ ಮೇಲೆ, 2019ರಲ್ಲಿ, ಬೆಂಗಳೂರಿನ ಪಿಜಿಯಲ್ಲಿ ಕೂತು ಆ ಹಾಡಿನ ಕತೆ ಓದಿದೆ.

'ಅಲೈವ್' 1991ರದ್ದು, ಪರ್ಲ್ ಜಾಮ್ ಅವರ ಮೊದಲ ಆಲ್ಬಂ 'ಟೆನ್'ನಲ್ಲಿದೆ. ಸಾಹಿತ್ಯ ಬರೆದ ಎಡ್ಡಿ ವೆಡ್ಡರ್ ಆಗ ಸ್ಯಾನ್ ಡಿಯಾಗೋದ ಒಂದು ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡ್ತಿದ್ದ ಹುಡುಗ. ಸಿಯಾಟಲ್‌ನಿಂದ ಅವನ ಕೈಗೆ ಒಂದು ಕ್ಯಾಸೆಟ್ ಬಂತು. ಬರೀ ವಾದ್ಯ, ಮಾತಿಲ್ಲ. ಅದಕ್ಕೆ ತನ್ನ ಕತೆ ಬರೆದು ಹಾಡಿ ಕಳಿಸಿದ. ಯಾರನ್ನ ಅಪ್ಪ ಅಂದ್ಕೊಂಡು ಬೆಳೆದಿದ್ನೋ ಅವರು ಅಪ್ಪ ಅಲ್ಲ, ನಿಜವಾದ ಅಪ್ಪ ಆಗಲೇ ತೀರಿಹೋಗಿದ್ದಾರೆ ಅಂತ ಹದಿವಯಸ್ಸಿನಲ್ಲಿ ಗೊತ್ತಾದ ಕತೆ. ಆ ಹಾಡಿನಲ್ಲಿ ಬದುಕಿರೋದು ಸಂಭ್ರಮ ಅಲ್ಲ. ಅದೊಂದು ಶಾಪ. ಉಳಿದವನ ಹೊರೆ. ಅವನೇ ಹಾಗೆ ಹೇಳಿದ್ದಾನೆ.

ಇಲ್ಲೊಂದು ತಿರುವಿದೆ. ಸಾವಿರಾರು ಜನ ಆ ಕೋರಸ್ಸನ್ನ ಖುಷಿಯಿಂದ, ಕುಣಿಯುತ್ತಾ ಕೂಗೋಕೆ ಶುರು ಮಾಡಿದ್ರು. ಅವರಿಗೆ ಅದು ಜಯಘೋಷವೇ. ವರ್ಷಗಟ್ಟಲೆ ಅದನ್ನ ನೋಡ್ತಾ ನೋಡ್ತಾ ತನಗೂ ಹಾಡಿನ ಅರ್ಥ ಬದಲಾಯ್ತು, ಕೇಳುಗರು ಶಾಪ ಇಳಿಸಿದ್ರು ಅಂತಾನೆ ವೆಡ್ಡರ್.

ಇನ್ನೂ ಇದೆ. 2000ದ ಜೂನ್ 30, ಡೆನ್ಮಾರ್ಕಿನ ರೋಸ್ಕಿಲ್ಡ ಸಂಗೀತೋತ್ಸವ. ಇವರು ಹಾಡ್ತಿರುವಾಗಲೇ ಜನರ ನೂಕುನುಗ್ಗಲು. ಒಂಬತ್ತು ಜನ ಪ್ರಾಣ ಕಳ್ಕೊಂಡ್ರು. ಅದಾದ ಮೇಲೆ ತಿಂಗಳುಗಟ್ಟಲೆ ಆ ಬ್ಯಾಂಡಿಗೆ 'ಅಲೈವ್' ಹಾಡೋಕಾಗಲಿಲ್ಲ. ಆ ವರ್ಷದ ಪ್ರವಾಸದ ಕೊನೇ ರಾತ್ರಿ, ನವೆಂಬರಿನಲ್ಲಿ, ತಮ್ಮೂರು ಸಿಯಾಟಲ್‌ನಲ್ಲಿ ಮತ್ತೆ ಹಾಡಿದ್ರು.

ಓದಿ ಮುಗಿಸಿದಾಗ ಕೈ ತಣ್ಣಗಾಗಿತ್ತು. ಅಣ್ಣ ದಿನಾ ಬೆಳಗ್ಗೆ ಏನು ಹೇಳ್ತಿದ್ದ ಅಂತ ಈಗ ಅರ್ಥ ಆಯ್ತು ಅಂದ್ಕೊಂಡೆ. ಆ ಶನಿವಾರ ಯಶವಂತಪುರದಿಂದ ಗೌರಿಬಿದನೂರಿನ ರೈಲು ಹತ್ತಿದೆ. ದಾರಿ ತುಂಬ ಒಂದೇ ಲೆಕ್ಕ, ಹೇಗೆ ಕ್ಷಮೆ ಕೇಳೋದು ಅಂತ.

8/9

ಈ ಫೋಟೋದಲ್ಲಿರೋ ಕೈ ಅಣ್ಣನದು. ಕೇಳಿಯೇ ಹಾಕಿದೀನಿ.

ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತಿದ್ವಿ. ನಾನು ಎಲ್ಲ ಹೇಳ್ದೆ. ವೆಡ್ಡರ್, ಅವನ ಅಪ್ಪ, ಶಾಪ, ರೋಸ್ಕಿಲ್ಡ. 'ಅಣ್ಣ, ಅವತ್ತು ನಾನು ತಪ್ಪು ಅರ್ಥ ಹೇಳ್ಬಿಟ್ಟೆ. ನೀನು ಸಂಕಟಕ್ಕೆ ಆ ಹಾಡು ಹಾಕ್ತಿದ್ದೆ ಅಂತ ಈಗ ಗೊತ್ತಾಯ್ತು.'

ಅಣ್ಣ ಬಹಳ ಹೊತ್ತು ಸುಮ್ನಿದ್ದ. ಆಮೇಲೆ ಹೇಳಿದ:

'ಆ ಹಾಡಿನ ಮಾತು ನಂಗೇನ್ ಗೊತ್ತು? ಒಂದು ಪದಾನೂ ಗೊತ್ತಿಲ್ಲ. ಕೊನೇಲಿ ಗಿಟಾರ್ ಬತ್ತದಲ್ಲ, ಉದ್ದಕ್ಕೆ? ಅದು ಬಂದಾಗ ಅವ್ನು ಟೀ ಅಂಗ್ಡಿ ಮುಂದೆ ಬೈಕಿನ ಟ್ಯಾಂಕ್ ಮೇಲೆ ತಾಳ ಹಾಕೋನು. ಎರಡೂ ಕೈನಲ್ಲಿ. ಅದು ಕೇಳ್ತಿತ್ತು ನಂಗೆ. ಅದಕ್ಕೇ ಹಾಕ್ತಿದ್ದೆ.'

ನನಗೆ ಮಾತೇ ಬರಲಿಲ್ಲ. ಜಯಘೋಷವೂ ಅಲ್ಲ, ಶಾಪವೂ ಅಲ್ಲ. ಒಂದು ಪೆಟ್ರೋಲ್ ಟ್ಯಾಂಕು.

'ಮತ್ತೆ ಯಾಕೆ ನಿಲ್ಸಿದೆ?'

'ನೀನು ಎಲ್ರ ಮುಂದೆ ಅರ್ಥ ಹೇಳಿದ್ಯಲ್ಲ. ಆಮೇಲೆ ಹಾಕಿದ್ರೆ ಅವ್ನ ತಾಳ ಕೇಳ್ತಿರ್ಲಿಲ್ಲ, ನಿನ್ ಮಾತೇ ಕೇಳ್ತಿತ್ತು. ನಾನೇನೋ ಗೆದ್ದು ಬಂದಿದೀನಿ ಅಂತ. ಅವತ್ತು ಬಿರಿಯಾನಿ ತಿನ್ನಣ ಬಾ ಅಂತ ಹಿಂದೂಪುರಕ್ಕೆ ಕರ್ಕೊಂಡ್ ಹೋಗಿದ್ದೇ ನಾನು. ಎಲ್ರೂ ಪುಣ್ಯ ಅಂದ್ರು. ನೀನೂ ಅದನ್ನೇ ಬರ್ದೆ.'

ಬಿರಿಯಾನಿ ವಿಷಯ ಅವನು ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ.

ನಾನು ಆರು ವರ್ಷ ಯೋಚಿಸಬೇಕಾಗಿದ್ದು ಹಾಡಿನ ಬಗ್ಗೆ ಅಲ್ಲ. ಅಲ್ಲಿ ಸಿಯಾಟಲ್‌ನಲ್ಲೂ ಜನ ಹಾಡಿನ ಅರ್ಥ ಬದಲಾಯಿಸಿದ್ರು, ಇಲ್ಲಿ ನಾನೂ ಬದಲಾಯಿಸಿದೆ. ಆದ್ರೆ ಅವರು ಹಾಡಿದವನ ಜೊತೆ ನಿಂತು ಹಾಡಿದ್ರು. ನಾನು ಅಣ್ಣನ ಪಕ್ಕ ಒಂದು ದಿನವೂ ಕೂತು ಆ ಹಾಡು ಪೂರ್ತಿ ಕೇಳಲಿಲ್ಲ. ಯಾಕೆ ಇದೇ ಹಾಡು ಅಂತ ಒಂದು ಸಲ ಕೇಳಿದ್ರೆ ಮುಗಿದುಹೋಗ್ತಿತ್ತು. ನಾನು ಪ್ರಶ್ನೆ ಕೇಳದೆ ಉತ್ತರ ಬರೆದೆ.

9/9

ಕೊನೇ ಪೋಸ್ಟು. ಫೋಟೋದಲ್ಲಿ ಕಾಣೋದು ನಮ್ಮ ತಾಲ್ಲೂಕಿನ ರೇಡಿಯೋ ಟೆಲಿಸ್ಕೋಪು. ಬಟ್ಟೆ ಒಣಗಿಸೋ ಕಂಬಗಳ ಹಾಗೆ ಸಾಲುಸಾಲು ಕಂಬ, ತಂತಿ. ಹೊರಗಿನಿಂದ ತೆಗೆದದ್ದು.

ಗೌರಿಬಿದನೂರಿಗೆ ಎರಡು ದೊಡ್ಡ ಕಿವಿ ಇವೆ. ಒಂದು ಇದು. 1976ರಿಂದ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ನಡೆಸ್ತಿರೋ ಕೇಂದ್ರ, ಸೂರ್ಯನಿಂದ ಬರೋ ರೇಡಿಯೋ ಅಲೆಗಳನ್ನ ಆಲಿಸುತ್ತೆ. ಇನ್ನೊಂದು 1965ರಲ್ಲಿ ಬಂದ ಭೂಕಂಪನ ಕೇಂದ್ರ, ಭಾಭಾ ಅಣು ಸಂಶೋಧನಾ ಕೇಂದ್ರದ್ದು. ದೂರದ ದೇಶದಲ್ಲಿ ನೆಲದೊಳಗೆ ಅಣುಬಾಂಬು ಪರೀಕ್ಷೆ ಮಾಡಿದ್ರೂ ಇಲ್ಲಿ ಗೊತ್ತಾಗುತ್ತೆ.

ಅದು ಹೇಗೆ ಅಂದ್ರೆ, ಒಂದೇ ಯಂತ್ರ ನಂಬಲ್ಲ. ದೂರ ದೂರದಲ್ಲಿ ಹಲವು ಯಂತ್ರ ಹೂತಿರ್ತಾರೆ. ಪಕ್ಕದಲ್ಲಿ ಲಾರಿ ಹೋದ್ರೆ ಒಂದಕ್ಕೆ ಮಾತ್ರ ಕೇಳಿಸುತ್ತೆ, ಅದು ಗದ್ದಲ. ನಿಜವಾದ ಕಂಪನ ಎಲ್ಲಕ್ಕೂ ಒಂಚೂರು ಹಿಂದೆ ಮುಂದೆ ಕೇಳಿಸುತ್ತೆ. ಎಲ್ಲವನ್ನೂ ಸೇರಿಸಿ ನೋಡಿದ ಮೇಲೆ ಎಲ್ಲಿಂದ ಬಂತು ಅಂತ ಹೇಳ್ತಾರೆ. ನಾನು ನನ್ನ ಒಂದು ಕಿವಿ ನಂಬಿ ಲಾಂಗ್ ಬುಕ್ಕು ತುಂಬಿಸಿದ್ದೆ.

ಈಗಲೂ ಹಾಡಿನ ಅರ್ಥ ಹುಡುಕ್ತೀನಿ. ಬಿಡೋಕಾಗಲ್ಲ. ಬರೆದವರು ಏನು ಹೇಳಿದ್ರು, ಯಾವ ಇಸವಿ, ಯಾವ ಊರಿನ ಮಾತು, ಎಲ್ಲ ನೋಡ್ತೀನಿ. ಆಮೇಲೆ ಹಾಡು ಕಳಿಸಿದವರಿಗೆ ಕೇಳ್ತೀನಿ, ಇದನ್ನ ಯಾಕೆ ಕಳಿಸಿದೆ ಅಂತ. ಕೆಂಪು ಇಂಕಿನ ಕಾಲಂ ಅಲ್ಲಿವರೆಗೆ ಖಾಲಿ.

ಹೋದ ಶನಿವಾರ ಭಜನೆ ಮನೇಲಿ ಅಣ್ಣ ಷರೀಫರ ಹುಕ್ಕಾ ಪದ ಹೇಳಿಕೊಟ್ಟ. ನಮ್ಮ ಕಡೆ ಅದನ್ನ ಯಾರೂ ಹಾಡಲ್ಲ, ಮೊದಲು ತಡವರಿಸಿದ್ರು, ಆಮೇಲೆ ಹಿಡ್ಕೊಂಡ್ರು. ರಾಗ ಗೆಳೆಯನದು, ಮೆಮೊರಿ ಕಾರ್ಡಿನದು. ಅಣ್ಣ ತಾಳ ತಗೊಳ್ಳಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಳದ ಮೇಲೆ ಎರಡೂ ಕೈಯಲ್ಲಿ ಬಡೀತಾ ಇದ್ದ. ಹಿರಿಯರು ನನ್ನ ಕಡೆ ತಿರುಗಿ 'ಇದೇನ್ ತಾಳನಪ್ಪ ನಿಮ್ಮಣ್ಣಂದು?' ಅಂದ್ರು.

ಗೊತ್ತಿತ್ತು. ಹೇಳಲಿಲ್ಲ. 'ಅವನನ್ನೇ ಕೇಳಿ ತಾತ' ಅಂದೆ.

ನಿಮಗೆ ಈ ವಾರ ಯಾರಾದ್ರೂ ಒಂದು ಹಾಡು ಕಳಿಸಿದ್ದಾರಾ? ಹಾರ್ಟ್ ಒತ್ತಿ ಸುಮ್ನಾಗಿದೀರಾ? ಇವತ್ತೇ ಒಂದು ಫೋನ್ ಮಾಡಿ.

#ಕುಡುಮಲಕುಂಟೆ #ಗೌರಿಬಿದನೂರು #ಹಾಡಿನಗುಟ್ಟು #ಲಾಂಗ್‌ಬುಕ್ಕು